ಪಿಐಪಿ ಬಂದಿದೆ, ಮನೆಯಲ್ಲಿ ಹೇಳಿಲ್ಲ

ನಾನು ಆಪ್ತಸಲಹೆಗಾರ್ತಿ. ಕೆಲಸ ಹೋಗುವ ಭಯವನ್ನು ಮನೆಯಲ್ಲಿ ಮುಚ್ಚಿಟ್ಟವರು ಈಚೆಗೆ ಪದೇ ಪದೇ ನನ್ನ ಬಳಿ ಬರುತ್ತಿದ್ದಾರೆ, ಅದಕ್ಕೇ ಅಂಥ ಒಬ್ಬರ ಬಗ್ಗೆ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ದೊಡ್ಡ ಟೆಕ್ ಕಂಪನಿಯೊಂದರಲ್ಲಿ ಸೀನಿಯರ್ ಎಂಜಿನಿಯರ್. ನಿದ್ದೆ ಬರೋದಿಲ್ಲ ಅಂತ ಬಂದರು. ಆನ್‌ಕಾಲ್ ಸರದಿ (ಯಾವ ಹೊತ್ತಲ್ಲಿ ಕರೆ ಬಂದರೂ ಕೆಲಸಕ್ಕೆ ಕೂರಬೇಕಾದ ಪಾಳಿ) ಮುಗಿದ ಮೇಲೂ ನಡುರಾತ್ರಿ ಎದ್ದು ಫೋನ್ ನೋಡುವ ಚಾಳಿ. ಎರಡನೇ ಭೇಟಿಯಲ್ಲಿ ಬಾಯಿಬಿಟ್ಟರು: ಪಿಐಪಿ (ಪರ್ಫಾರ್ಮೆನ್ಸ್ ಇಂಪ್ರೂವ್‌ಮೆಂಟ್ ಪ್ಲಾನ್), ಅಂದರೆ ಇಷ್ಟು ದಿನದೊಳಗೆ ಕೆಲಸ ಸುಧಾರಿಸಿ ತೋರಿಸಿ ಎಂಬ ಗಡುವು ಕೊಟ್ಟಿದ್ದಾರೆ. ಹೆಂಡತಿಗೆ ಹೇಳಿಲ್ಲ.

"ಆ ಪತ್ರದಲ್ಲಿ ಏನಿದೆ?" ಎಂದೆ.

"ನಾನು ಪ್ರಯೋಜನಕ್ಕಿಲ್ಲ ಅಂತಿದೆ, ಮೇಡಂ."

"ಎಲ್ಲಿದೆ, ತೋರಿಸಿ."

ಮೊದಲ ಪ್ಯಾರಾ ದಾಟಿ ಅವರು ಓದೇ ಇರಲಿಲ್ಲ. ಇಬ್ಬರೂ ಕೂತು ಪೂರ್ತಿ ಓದಿದೆವು. 60 ದಿನದ ಗಡುವು. ಎರಡು ಡಿಸೈನ್ ಡಾಕ್ಯುಮೆಂಟ್ ಮುಗಿಸಬೇಕು, ಕೋಡ್ ರಿವ್ಯೂಗೆ ಒಂದು ದಿನದೊಳಗೆ ಉತ್ತರಿಸಬೇಕು, ವಾರಕ್ಕೊಮ್ಮೆ ಮ್ಯಾನೇಜರ್ ಜೊತೆ ಮೀಟಿಂಗ್. ಅವರು ಹೇಳಿದ ಮಾತು ಎಲ್ಲೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಡಯಾಲಿಸಿಸ್ ಕಂಪನಿ ಇನ್ಶೂರೆನ್ಸ್‌ನಲ್ಲೇ ನಡೀತಿದೆ. ಕೆಲಸ ಹೋದ್ರೆ ಅದೂ ಹೋಗುತ್ತೆ" ಎಂದರು. ನಿದ್ದೆ ಕೆಡಿಸಿದ್ದು ಈ ಲೆಕ್ಕ.

ನಾನು ಹೇಳಿದ್ದು ಇಷ್ಟು. ಈ ಶನಿವಾರವೇ ಹೆಂಡತಿಗೆ ತಿಳಿಸಿ. ಉಳಿತಾಯ, ಇಎಂಐ, ಕಂಪನಿಯಿಂದ ಬರಬೇಕಾದ ಷೇರು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಕೂರಿ. ಅದೇ ವಿಮಾ ಕಂಪನಿಯಲ್ಲಿ ಅಪ್ಪನ ಹೆಸರಿಗೆ ಪ್ರತ್ಯೇಕ ಪಾಲಿಸಿ ಮಾಡಿಸಿಕೊಳ್ಳಲು ಆಗುತ್ತದೆಯೇ ಎಂದು ಕೆಲಸದಲ್ಲಿರುವಾಗಲೇ ವಿಚಾರಿಸಿ. ನಿದ್ದೆಗೆ ಮನೋವೈದ್ಯರನ್ನು ಕಾಣಿ. ಬೇರೆ ಕಡೆ ಅರ್ಜಿ ಹಾಕುತ್ತಿರಿ. ರಾತ್ರಿ ಹೊತ್ತು ಮಾತ್ರ ರಾಜೀನಾಮೆ ಬರೆಯಬೇಡಿ.

ದುಡ್ಡಿನ ವಿಚಾರ ಆಪ್ತಸಲಹೆಗಾರರಿಗೆ ಯಾಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಅಪ್ಪನ ಚಿಕಿತ್ಸೆ ನಿಂತೀತೆಂದು ಹೆದರಿ ಕೂತವರಿಗೆ ಬರೀ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ಅನ್ಯಾಯ. "ಎಲ್ಲ ಸರಿಹೋಗುತ್ತೆ" ಅಂತಲೂ ನಾನು ಹೇಳಲಿಲ್ಲ. ಪಿಐಪಿಯಿಂದ ಪಾರಾದವರಿದ್ದಾರೆ, ಕೆಲಸ ಕಳೆದುಕೊಂಡವರೂ ನನ್ನ ಬಳಿ ಬಂದಿದ್ದಾರೆ. ಯಾವುದಾದರೂ ಆಗಬಹುದು ಎನ್ನುವಾಗ ಹೆಂಡತಿಯನ್ನು ಕತ್ತಲಲ್ಲಿಟ್ಟರೆ, ಆಕೆ ಮಾಡಬಹುದಾದ ಸಹಾಯಕ್ಕೂ ತಡೆ ಹಾಕಿದಂತೆ.

ಅವರು ಹೆಂಡತಿಗೆ ಹೇಳಿದರು. ಇಷ್ಟು ದಿನ ಯಾಕೆ ಮುಚ್ಚಿಟ್ರಿ ಎಂದು ಆಕೆ ಜಗಳವಾಡಿದರಂತೆ. ಆಮೇಲೆ ವಿಮೆಯವರಿಗೆ ಫೋನ್ ಮಾಡಿ ವಿಚಾರಿಸಿದ್ದೂ ಆಕೆಯೇ. ಗಡುವು ಇನ್ನೂ ಮುಗಿದಿಲ್ಲ.

ಇದೇ ಸ್ಥಿತಿಯಲ್ಲಿದ್ದು ಮನೆಯಲ್ಲಿ ಹೇಳಲು ಬಾಯಿ ಬರದಿದ್ದರೆ, ಬದುಕೇ ಬೇಡ ಅನ್ನಿಸುತ್ತಿದ್ದರಂತೂ ತಡಮಾಡದೆ, 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.