ನನ್ನ ತರಗತಿಯ ಪಾಠಕ್ಕೆ ಸಮ್ಮೇಳನದಲ್ಲಿ ಜಾಗವಿದೆಯೇ?

ಪ್ರಶ್ನೆ: ನಾನು ಆರು ಮತ್ತು ಏಳನೇ ತರಗತಿಗೆ ಗಣಿತ ಹೇಳಿಕೊಡುವ ಶಿಕ್ಷಕಿ. ಗಣಿತ ಶಿಕ್ಷಕರ ವಾರ್ಷಿಕ ಸಮ್ಮೇಳನಕ್ಕೆ ಗೋಷ್ಠಿಗಳ ಪ್ರಸ್ತಾವ ಕಳಿಸುವಂತೆ ಆಹ್ವಾನ ಬಂದಿದೆ. ನೀವೂ ಕಳಿಸಿ ಎಂದು ಸಹೋದ್ಯೋಗಿಯೊಬ್ಬರು ದುಂಬಾಲು ಬಿದ್ದಿದ್ದಾರೆ. ನನಗೆ ಪಿಎಚ್.ಡಿ. ಇಲ್ಲ, ಸಂಶೋಧನೆ ಮಾಡಿದವಳೂ ಅಲ್ಲ. ಭಿನ್ನರಾಶಿ ಕಲಿಸುವಾಗ ಮಕ್ಕಳ ತಪ್ಪು ಉತ್ತರವನ್ನು ಅಳಿಸದೆ ಅದರ ಮೇಲೆಯೇ ಚರ್ಚೆ ನಡೆಸುತ್ತೇನೆ, ಅಷ್ಟೆ. ಇದನ್ನು ದೊಡ್ಡವರ ಮುಂದೆ ಹೇಳುವುದೇ?

ಉತ್ತರ: ಧಾರಾಳವಾಗಿ ಹೇಳಿ. ಅಲ್ಲಿ ಬಂದು ಕೂರುವವರಲ್ಲಿ ಬಹುಪಾಲು ಜನ ಸಮ್ಮೇಳನ ಮುಗಿದೊಡನೆ ಮತ್ತೆ ತರಗತಿಗೆ ಮರಳಬೇಕಾದವರು. ಬೋರ್ಡಿನ ಮುಂದೆ ನಿಂತಾಗ ಕೈಗೆ ಒದಗುವಂಥದ್ದೇನಾದರೂ ಸಿಕ್ಕೀತೇ ಎಂದು ನೋಡುತ್ತಿರುತ್ತಾರೆ. ಅಂಥದ್ದನ್ನು ಕೊಡಬಲ್ಲವರು ಪ್ರಸ್ತಾವ ಕಳಿಸಲು ಹಿಂಜರಿಯುತ್ತಾರೆ. ಬರೀ ಭಾಷಣ ಬಲ್ಲವರು ಹಿಂಜರಿಯುವುದಿಲ್ಲ. ಎಷ್ಟೋ ಗೋಷ್ಠಿಗಳಲ್ಲಿ ಆಕಳಿಕೆ ಬರುವುದು ಇದೇ ಕಾರಣಕ್ಕೆ.

ಪಿಎಚ್.ಡಿ. ಚಿಂತೆ ಬಿಡಿ. ಅನೇಕ ಸಮ್ಮೇಳನಗಳಲ್ಲಿ ಬರೆದವರ ಹೆಸರು, ಸಂಸ್ಥೆ ಎರಡನ್ನೂ ಮರೆಮಾಡಿ ಪ್ರಸ್ತಾವಗಳನ್ನು ಪರಿಶೀಲಕರಿಗೆ ಕೊಡುತ್ತಾರೆ. ವಿಷಯ ಸಮ್ಮೇಳನಕ್ಕೆ ಹೊಂದುತ್ತದೆಯೇ, ಕೇಳುಗರು ಏನನ್ನು ಕೊಂಡೊಯ್ಯುತ್ತಾರೆ, ಕೊಟ್ಟ ಸಮಯದಲ್ಲಿ ಮುಗಿಯುತ್ತದೆಯೇ ಎಂಬುದನ್ನು ನೋಡಿ ಅವರು ಅಂಕ ಹಾಕುತ್ತಾರೆ.

ತಪ್ಪು ಉತ್ತರದ ಮೇಲಿನ ಚರ್ಚೆ ಸಣ್ಣ ವಿಷಯವೂ ಅಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದ ಎರಿಕ್ ಮಜೂರ್ ಅವರ ವಿದ್ಯಾರ್ಥಿಗಳು ಕಠಿಣ ಲೆಕ್ಕಗಳನ್ನು ಬಿಡಿಸಿಬಿಡುತ್ತಿದ್ದರು, ಮೂಲ ಪರಿಕಲ್ಪನೆಯ ಸರಳ ಪ್ರಶ್ನೆಗಳಲ್ಲಿ ಎಡವುತ್ತಿದ್ದರು. ಮಜೂರ್ ಉಪನ್ಯಾಸವನ್ನು ಮೊಟಕುಗೊಳಿಸಿ, ಪ್ರಶ್ನೆ ಕೊಟ್ಟು, ಪಕ್ಕದವರೊಡನೆ ವಾದಿಸಲು ಬಿಟ್ಟರು. 1990ರ ದಶಕದ ಆರಂಭದಲ್ಲಿ ಹೀಗೆ ಶುರುವಾದ, ಸಹಪಾಠಿಗಳಿಂದಲೇ ಕಲಿಯುವ ‘ಪೀರ್ ಇನ್‌ಸ್ಟ್ರಕ್ಷನ್’ ಪದ್ಧತಿ ಇಂದು ಅನೇಕ ದೇಶಗಳ ಕಾಲೇಜುಗಳಲ್ಲಿ ಬಳಕೆಯಲ್ಲಿದೆ. ಅದು ಹುಟ್ಟಿದ್ದು ಮಜೂರ್ ಅವರದೇ ತರಗತಿಯ ಕಿರಿಕಿರಿಯಿಂದ.

ಇನ್ನು ಬರೆಯುವ ಕೆಲಸ. ಒಳ್ಳೆಯ ಶಿಕ್ಷಕರು ಜಾರುವುದು ಇಲ್ಲೇ. ಮಕ್ಕಳ ಮುಂದೆ ನೇರವಾಗಿ ಮಾತನಾಡುವವರೂ ಅರ್ಜಿ ನಮೂನೆ ಕಂಡೊಡನೆ ಸುತ್ತೋಲೆಯ ಭಾಷೆಗೆ ಇಳಿಯುತ್ತಾರೆ: ‘ನವೀನ ವಿಧಾನಗಳ ಮೂಲಕ ಭಿನ್ನರಾಶಿ ಬೋಧನೆ ಮತ್ತು ವಿದ್ಯಾರ್ಥಿಗಳ ಸರ್ವಾಂಗೀಣ ವಿಕಾಸ.’ ಓದಿದವರಿಗೆ ಏನೂ ಕಣ್ಣಿಗೆ ಕಟ್ಟುವುದಿಲ್ಲ. ಬದಲಿಗೆ ಹೀಗೆ ಬರೆದು ನೋಡಿ: ‘1/2ಕ್ಕೆ 1/3 ಕೂಡಿಸಿ ಎಂದರೆ ಹಲವು ಮಕ್ಕಳು ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿ 2/5 ಎನ್ನುತ್ತಾರೆ. ನಾನು ಅದನ್ನು ಅಳಿಸುವುದಿಲ್ಲ. ಸಂಖ್ಯಾರೇಖೆಯ ಮೇಲೆ 1/2 ಮತ್ತು 2/5 ಎರಡನ್ನೂ ಗುರುತಿಸಲು ಹೇಳುತ್ತೇನೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೂ ಉತ್ತರ ಅರ್ಧಕ್ಕಿಂತ ಕಡಿಮೆಯಾದದ್ದು ಹೇಗೆಂದು ಮಕ್ಕಳೇ ತಕರಾರು ತೆಗೆಯುತ್ತಾರೆ.’ ಸಮಸ್ಯೆ, ಉಪಾಯ ಎರಡೂ ಬಂದವು; ಒಂದು ಪಾರಿಭಾಷಿಕ ಪದಕ್ಕೂ ಹುಡುಕಾಡಬೇಕಾಗಲಿಲ್ಲ.

ಕಲಿಕೆಯ ಫಲ ಕೇಳಿದ ಕಡೆ ‘ಅರಿವು ಮೂಡಿಸುವುದು’ ಎಂದು ಬರೆಯಬೇಡಿ. ಭಾಗವಹಿಸಿದವರು ತಮ್ಮ ತರಗತಿಯ ಒಂದು ಸಾಮಾನ್ಯ ತಪ್ಪನ್ನು ಆಯ್ದು, ಅದನ್ನು ಚರ್ಚೆಗೆ ಎಳೆಯುವ ಮೂರು ಪ್ರಶ್ನೆ ಸಿದ್ಧಪಡಿಸಿಕೊಂಡು ಹೋಗುತ್ತಾರೆ ಎಂದು ಬರೆಯಿರಿ. 60 ನಿಮಿಷದ ಗೋಷ್ಠಿಯಾದರೆ ಹಿನ್ನೆಲೆಗೆ 10, ಮಕ್ಕಳ ಉತ್ತರಗಳನ್ನು ನೋಡಲು 15, ಗುಂಪುಗಳಲ್ಲಿ ಕೆಲಸಕ್ಕೆ 25, ಪ್ರಶ್ನೋತ್ತರಕ್ಕೆ 10 ನಿಮಿಷ ಸಾಕು. ಚಟುವಟಿಕೆಯ ಮೂಲಕ ಕಲಿಕೆ ಎಂಬ ವಿಷಯದ ಮೇಲೆ ಇಡೀ ಗಂಟೆ ತಾವೇ ಮಾತನಾಡುವ ಯೋಜನೆ ಹಾಕಿದವರಿದ್ದಾರೆ. ಅಂಥ ಪ್ರಸ್ತಾವಕ್ಕೆ ಅಂಕ ಹಾಕಲು ನನಗಂತೂ ಕೈ ಬರುವುದಿಲ್ಲ.

ಫಲಿತಾಂಶವನ್ನು ಉಬ್ಬಿಸುವುದೂ ಬೇಡ. ಎಲ್ಲ ಮಕ್ಕಳೂ ಕಲಿತರು ಎಂದರೆ ಯಾವ ಶಿಕ್ಷಕರೂ ನಂಬುವುದಿಲ್ಲ. ಯಾರಿಗೆ ಇದು ನಾಟಲಿಲ್ಲ ಎಂಬುದಕ್ಕೂ ಒಂದು ಸಾಲು ಇರಲಿ. ಒಬ್ಬರೇ ನಿಲ್ಲಲು ಅಳುಕಾದರೆ ದುಂಬಾಲು ಬಿದ್ದ ಆ ಸಹೋದ್ಯೋಗಿಯನ್ನೇ ಜೊತೆಗೆ ಸೇರಿಸಿಕೊಳ್ಳಿ. ಅವರೂ ಸ್ವಲ್ಪ ಬೆವರಲಿ!

ಪ್ರಶ್ನೆ: ಕಳೆದ ವರ್ಷ ನನ್ನ ಪ್ರಸ್ತಾವ ತಿರಸ್ಕೃತವಾಯಿತು. ಅದನ್ನೇ ಮತ್ತೆ ಕಳಿಸಬಹುದೇ?

ಉತ್ತರ: ಕಳಿಸಬಹುದು, ಆದರೆ ಹಾಗೆಯೇ ಅಲ್ಲ. ಪರಿಶೀಲಕರ ಟಿಪ್ಪಣಿ ಇದ್ದರೆ ಕೇಳಿ ಪಡೆಯಿರಿ. ಅದೇ ವಿಷಯದ ಮೇಲೆ ಹಲವು ಪ್ರಸ್ತಾವ ಬಂದಾಗ, ಕೊಠಡಿಗಳು ಕಡಿಮೆಯಿದ್ದಾಗ ಒಳ್ಳೆಯ ಬರಹವೂ ಹೊರಗುಳಿಯುತ್ತದೆ. ನಿಮ್ಮ ವಿಷಯ ಕಾರ್ಯಾಗಾರಕ್ಕಿಂತ ಪೋಸ್ಟರ್ ಪ್ರದರ್ಶನಕ್ಕೋ ದುಂಡುಮೇಜಿನ ಚರ್ಚೆಗೋ ಹೆಚ್ಚು ಒಗ್ಗುವಂತಿದ್ದರೆ ಈ ಬಾರಿ ಅದನ್ನೇ ಆರಿಸಿ. ನೀವು ಬರೆದ ಪುಸ್ತಕ ಅಥವಾ ತಯಾರಿಸಿದ ಆ್ಯಪ್‌ನ ಮಾರಾಟದ ವಾಸನೆ ಎಲ್ಲಾದರೂ ಇದ್ದರೆ ಮೊದಲು ಅದನ್ನು ತೆಗೆಯಿರಿ.

ಪ್ರಶ್ನೆ: ಮಕ್ಕಳ ನೋಟ್‌ಪುಸ್ತಕದ ಚಿತ್ರಗಳನ್ನು ಗೋಷ್ಠಿಯಲ್ಲಿ ತೋರಿಸಬಹುದೇ?

ಉತ್ತರ: ಪೋಷಕರ ಮತ್ತು ಶಾಲೆಯ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ. ಆಗಲೂ ಹೆಸರು, ಮುಖ ಕಾಣಿಸಬಾರದು. ತಪ್ಪು ಉತ್ತರಗಳನ್ನು ನೀವೇ ಇನ್ನೊಂದು ಹಾಳೆಯ ಮೇಲೆ ಬರೆದು ತೋರಿಸುವುದು ಇನ್ನೂ ಒಳ್ಳೆಯದು. ಪ್ರಸ್ತಾವ ಸ್ವೀಕಾರವಾಗಲಿ, ಆಮೇಲೆ ಒಪ್ಪಿಗೆ ಪಡೆಯೋಣ ಎಂದು ಮುಂದೂಡಬೇಡಿ. ಆಯ್ಕೆಯ ಪಟ್ಟಿ ಬರಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಆ ಮಕ್ಕಳು ಬೇರೆ ಶಾಲೆ ಸೇರಿರಬಹುದು.