ಕೇರ್ ಕೆಲಸಕ್ಕೆ ಆನ್‌ಲೈನ್ ಸರ್ಟಿಫಿಕೇಟು: ಸಿಂಧನೂರಿನ ತಂಗಿಗೆ ಉತ್ತರ

ತಂಗಿ, ನೀನು ಕೇಳಿದ್ದು ಎರಡು ಪ್ರಶ್ನೆ. ಗಂಡನ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಸಿಂಧನೂರಿನಿಂದ ಲೆಸ್ಟರ್‌ಗೆ ಬಂದಿದ್ದೀಯ, ಬಿ.ಎ. ಆಗಿದೆ, ಲರ್ನಿಂಗ್ ಡಿಸೆಬಿಲಿಟಿ (ಬೌದ್ಧಿಕ ಅಸಾಮರ್ಥ್ಯ) ಇರುವವರಿಗೆ ಸಪೋರ್ಟ್ ವರ್ಕರ್ ಆಗಬೇಕು ಅಂತಿದ್ದೀಯ. ಅದಕ್ಕೆ ಮೊದಲು 300 ಪೌಂಡ್ ಕಟ್ಟಿ ಆನ್‌ಲೈನಿನಲ್ಲಿ ‘ಲೆವೆಲ್ 3 ಡಿಪ್ಲೊಮಾ’ ಮಾಡಲೇ ಅನ್ನುವುದು ಒಂದು. ಗಂಗಾವತಿಯಲ್ಲಿರುವ ತಮ್ಮನಿಗೆ ಬಳ್ಳಾರಿಯ ಏಜೆಂಟ್ ಒಬ್ಬ ‘ಇದೇ ಕೋರ್ಸ್ ಮಾಡು, 4 ಲಕ್ಷ ಕೊಡು, ಕೇರ್ ವೀಸಾ ಮಾಡಿಸ್ತೀನಿ’ ಅಂದಿದ್ದಾನೆ, ನಂಬಬಹುದಾ ಅನ್ನುವುದು ಇನ್ನೊಂದು. ನೀನು ಈಗಲೇ ರೊಕ್ಕ ಕಟ್ಟಬೇಡ, ಮೊದಲು ಕೆಲಸಕ್ಕೆ ಸೇರು. ತಮ್ಮ ಒಂದು ರೂಪಾಯಿಯನ್ನೂ ಕೊಡುವುದು ಬೇಡ. ಯಾಕೆ ಅಂತ ಬಿಡಿಸಿ ಹೇಳ್ತೀನಿ.

ಇಂಗ್ಲೆಂಡಿನಲ್ಲಿ ಕೇರ್ ವರ್ಕರ್ ಆಗಿ ಸೇರಲು ಮೊದಲೇ ಯಾವ ಸರ್ಟಿಫಿಕೇಟೂ ಬೇಕಿಲ್ಲ. ನರ್ಸುಗಳಿಗೆ ಇರುವಂಥ ನೋಂದಣಿ ಇಲ್ಲಿ ಕೇರ್ ವರ್ಕರ್‌ಗಳಿಗೆ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳಲ್ಲಿ ಇದೆ. ಮುಂದೆ ಅಲ್ಲಿಗೆ ಮನೆ ಬದಲಿಸಿದರೆ ಅದನ್ನು ಮತ್ತೆ ವಿಚಾರಿಸು. ಕೆಲಸ ಕೊಡುವವರು ನೋಡುವುದು ಕೆಲಸ ಮಾಡುವ ಹಕ್ಕು ತೋರಿಸುವ ನಿನ್ನ ಇ-ವೀಸಾದ ಶೇರ್ ಕೋಡ್, ಎನ್‌ಹ್ಯಾನ್ಸ್ಡ್ ಡಿಬಿಎಸ್ ಚೆಕ್ (ಅಪರಾಧದ ದಾಖಲೆ ಇದೆಯಾ ಅನ್ನುವ ಸರಕಾರಿ ತಪಾಸಣೆ), ರೆಫರೆನ್ಸ್‌ಗಳು, ಆಮೇಲೆ ಮಾತಾಡಿ ಬರೆದು ತೂಗಿಸುವಷ್ಟು ಇಂಗ್ಲಿಷ್. ಹೊಸದಾಗಿ ಬಂದವರನ್ನು ಭಾರತದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟನ್ನೂ ಕೇಳುತ್ತಾರೆ. ಊರಿನಿಂದ ತಂದಿಲ್ಲದಿದ್ದರೆ ಇಲ್ಲಿನ ಭಾರತೀಯ ಹೈಕಮಿಷನ್ ಮೂಲಕ ಅರ್ಜಿ ಹಾಕು. ಸಿಂಧನೂರಿನ ಠಾಣೆಯಿಂದ ವಿಚಾರಣೆ ಆಗಿ ಬರಲು ಸಮಯ ಹಿಡಿಯುತ್ತದೆ, ಅದಕ್ಕೇ ಇಂಟರ್‌ವ್ಯೂಗೆ ಕಾಯದೆ ಇವತ್ತೇ ಹಾಕು. ಡಿಬಿಎಸ್ ಸರ್ಟಿಫಿಕೇಟಿನ ಮೇಲಿರುವ ತಾರೀಖಿನಿಂದ 30 ದಿನದೊಳಗೆ ಅದರ ಅಪ್‌ಡೇಟ್ ಸರ್ವಿಸ್‌ಗೆ ಹೆಸರು ಹಚ್ಚಿಬಿಡು. ಹಾಗೆ ಮಾಡಿದರೆ ಕಂಪನಿ ಬದಲಿಸಿದಾಗಲೆಲ್ಲ ಹೊಸ ಚೆಕ್‌ಗೆ ವಾರಗಟ್ಟಲೆ ಕಾಯುವುದು ಸಾಮಾನ್ಯವಾಗಿ ತಪ್ಪುತ್ತದೆ.

ಇನ್ನು ಕೋರ್ಸಿನ ಮಾತು. ಮೂರು ಬೇರೆ ಬೇರೆ ಕಾಗದಗಳನ್ನು ಒಂದೇ ಅನ್ನುವಂತೆ ಮಾರುತ್ತಾರೆ, ಎಲ್ಲರೂ ಮೋಸ ಹೋಗುವುದು ಇಲ್ಲೇ.

ಹತ್ತಿಪ್ಪತ್ತು ಪೌಂಡಿಗೆ ಸಿಗುವ ‘ಸಿಪಿಡಿ ಸರ್ಟಿಫೈಡ್’ ಕೋರ್ಸುಗಳು ಒಂದು. ವಿಡಿಯೊ ನೋಡಿ, ಪ್ರಶ್ನೆಗಳಿಗೆ ಟಿಕ್ ಹಾಕಿ, ಪಿಡಿಎಫ್ ಇಳಿಸಿಕೊಳ್ಳುವುದು. ತಿಳಿವಳಿಕೆಗೆ ಅಡ್ಡಿಯಿಲ್ಲ, ಆದರೆ ಅದು ಕ್ವಾಲಿಫಿಕೇಶನ್ ಅಲ್ಲ; ‘ಲೆವೆಲ್ 3’ ಅಂತ ಮೇಲೆ ಬರೆದುಕೊಂಡರೂ ಅಲ್ಲ. ಎರಡನೆಯದು ಕೇರ್ ಸರ್ಟಿಫಿಕೇಟ್. 2015ರ ಏಪ್ರಿಲ್‌ನಲ್ಲಿ 15 ಮಾನದಂಡಗಳೊಂದಿಗೆ ಶುರುವಾಯಿತು, ಈಗ ಲರ್ನಿಂಗ್ ಡಿಸೆಬಿಲಿಟಿ ಮತ್ತು ಆಟಿಸಂ ಬಗೆಗಿನದೂ ಸೇರಿ 16. ಇದು ಹೊಸಬರ ಇಂಡಕ್ಷನ್, ಅಂದರೆ ಕೆಲಸಕ್ಕೆ ಸೇರಿದವರ ಆರಂಭದ ತರಬೇತಿ. ಸಾಮಾನ್ಯವಾಗಿ ಮೊದಲ 12 ವಾರದಲ್ಲಿ ಮುಗಿಸುತ್ತಾರೆ. ಓದುವ ಭಾಗ ಆನ್‌ಲೈನಿನಲ್ಲಿ ಆಗುತ್ತದೆ. ಆದರೆ ನೀನು ಕೆಲಸ ಮಾಡುವುದನ್ನು ಕಣ್ಣಾರೆ ನೋಡಿದವರು ಸಹಿ ಹಾಕಿದರೆ ಮಾತ್ರ ಅದು ಪೂರ್ತಿ. ಮನೆಯಲ್ಲಿ ಕೂತು ಪೂರ್ತಿ ಕೇರ್ ಸರ್ಟಿಫಿಕೇಟ್ ಪಡೆದೆ ಅಂದರೆ ಮ್ಯಾನೇಜರ್ ನಗುತ್ತಾರೆ. ಅದರ ವರ್ಕ್‌ಬುಕ್‌ಗಳು ಸ್ಕಿಲ್ಸ್ ಫಾರ್ ಕೇರ್ ಸಂಸ್ಥೆಯ ವೆಬ್‌ಸೈಟಿನಲ್ಲಿ ಉಚಿತ, ಈಗಲೇ ಓದಲು ಶುರುಮಾಡು.

ಮೂರನೆಯದು ನಿಜವಾದ ಕ್ವಾಲಿಫಿಕೇಶನ್. 2024ರಲ್ಲಿ ಬಂದ ಲೆವೆಲ್ 2 ಅಡಲ್ಟ್ ಸೋಷಿಯಲ್ ಕೇರ್ ಸರ್ಟಿಫಿಕೇಟ್, ಲೆವೆಲ್ 2 ಡಿಪ್ಲೊಮಾ ಇನ್ ಕೇರ್ (46 ಕ್ರೆಡಿಟ್), ಲೆವೆಲ್ 3 ಡಿಪ್ಲೊಮಾ ಇನ್ ಅಡಲ್ಟ್ ಕೇರ್ (58 ಕ್ರೆಡಿಟ್). ಡಿಪ್ಲೊಮಾಗಳಿಗೆ ಅಸೆಸರ್, ಅಂದರೆ ಪರೀಕ್ಷಕರು, ನೀನು ಕೆಲಸ ಮಾಡುವ ಕಡೆ ಬಂದು ನಿನ್ನ ಕೆಲಸ ನೋಡಬೇಕು. ಕೆಲಸವೇ ಇಲ್ಲದವರು ಡಿಪ್ಲೊಮಾ ಮುಗಿಸುವ ಹಾದಿಯೇ ಇಲ್ಲ. ನಿನಗೆ 300 ಪೌಂಡ್ ಕೇಳಿದವರು ಕೆಲಸ ಎಲ್ಲಿ ಅಂತ ಕೇಳಲೇ ಇಲ್ಲವಲ್ಲ, ಅಷ್ಟರಲ್ಲೇ ಅವರು ಮಾರುತ್ತಿರುವುದು ಡಿಪ್ಲೊಮಾ ಅಲ್ಲ ಅಂತ ಗೊತ್ತಾಗುತ್ತದೆ. ಯಾವುದೇ ಕೋರ್ಸ್ ಇರಲಿ, ಕ್ವಾಲಿಫಿಕೇಶನ್ ನಂಬರ್ ಕೊಡಿ ಅನ್ನು. ಅದು ಮೂರು ಅಂಕಿ, ಗೀಟು, ನಾಲ್ಕು ಅಂಕಿ, ಗೀಟು, ಕೊನೆಗೆ ಒಂದು ಅಕ್ಷರ ಅಥವಾ ಅಂಕಿ ಹೀಗೆ ಇರುತ್ತದೆ. ಇಂಗ್ಲೆಂಡಿನಲ್ಲಿ ಕ್ವಾಲಿಫಿಕೇಶನ್‌ಗಳ ಮೇಲ್ವಿಚಾರಣೆ ಮಾಡುವ ಆಫ್‌ಕ್ವಾಲ್‌ನ ರಿಜಿಸ್ಟರಿನಲ್ಲಿ ಹಾಕಿ ಹುಡುಕು, ಹೆಸರು ಬರಬೇಕು, ಲೆವೆಲ್ ಕೂಡಬೇಕು, ಅವಾರ್ಡಿಂಗ್ ಸಂಸ್ಥೆ (ಸಿಟಿ ಅಂಡ್ ಗಿಲ್ಡ್ಸ್, ಪಿಯರ್ಸನ್, ಎನ್‌ಸಿಎಫ್‌ಇ, ಹೈಫೀಲ್ಡ್ ಇಂಥವು) ಕಾಣಬೇಕು. ‘ಈಕ್ವಿವಲೆಂಟ್ ಟು ಲೆವೆಲ್ 3’ ಅಂತ ಜಾರಿಕೊಂಡರೆ ಬಿಟ್ಟು ಬಾ. ಕೆಲಸಕ್ಕೆ ಸೇರಿದ ಮೇಲೆ ಇದೇ ಡಿಪ್ಲೊಮಾವನ್ನು ಎಷ್ಟೋ ಕಂಪನಿಗಳು ತಮ್ಮ ಖರ್ಚಿನಲ್ಲಿ, ಸರಕಾರದ ತರಬೇತಿ ನಿಧಿಯಿಂದ ಹಿಂಪಡೆದು, ಮಾಡಿಸುತ್ತವೆ. ಆದರೆ ಒಪ್ಪಂದ ಓದಿ ಸಹಿ ಹಾಕು: ವರ್ಷದೊಳಗೆ ಬಿಟ್ಟರೆ ಫೀ ವಾಪಸ್ ಕೊಡಬೇಕು ಅನ್ನುವ ಸಾಲು ಒಳಗೆ ಇರಬಹುದು.

ಇನ್ನೊಂದು ಎಡವಟ್ಟು. ನಮ್ಮಲ್ಲಿ ಲರ್ನಿಂಗ್ ಡಿಸೆಬಿಲಿಟಿ ಅಂದರೆ ಡಿಸ್ಲೆಕ್ಸಿಯಾ ಅಂತ ಓದಿರುತ್ತೇವೆ, ಇಲ್ಲಿ ಅದೇ ಹೆಸರು ಬೌದ್ಧಿಕ ಅಸಾಮರ್ಥ್ಯಕ್ಕೆ. ಡಿಸ್ಲೆಕ್ಸಿಯಾ ಕೋರ್ಸಿಗೆ ರೊಕ್ಕ ಕಟ್ಟಿ ಈ ಕೆಲಸಕ್ಕೆ ಅರ್ಜಿ ಹಾಕುವವರು ಇದ್ದಾರೆ.

ಇದರ ಜೊತೆ ಕಾನೂನೇ ಕೇಳುವ ತರಬೇತಿ ಇದೆ, ಅದಕ್ಕೆ ಸರಕಾರ ಮುಂದಿಡುವುದು ಆಲಿವರ್ ಮೆಕ್‌ಗೋವನ್ ಟ್ರೇನಿಂಗ್. ಆಲಿವರ್ 18ರ ಹುಡುಗ, ಆಟಿಸಂ ಮತ್ತು ಸೌಮ್ಯ ಲರ್ನಿಂಗ್ ಡಿಸೆಬಿಲಿಟಿ ಇತ್ತು. ಅವನೂ ಮನೆಯವರೂ ಬೇಡ ಅಂದರೂ ಆ್ಯಂಟಿಸೈಕೋಟಿಕ್ ಔಷಧ ಕೊಟ್ಟರು, 2016ರ ನವೆಂಬರ್‌ನಲ್ಲಿ ಬ್ರಿಸ್ಟಲ್‌ನ ಆಸ್ಪತ್ರೆಯಲ್ಲಿ ತೀರಿಕೊಂಡ. 2022ರ ಹೆಲ್ತ್ ಅಂಡ್ ಕೇರ್ ಆ್ಯಕ್ಟ್ ಪ್ರಕಾರ ಕೇರ್ ಸೇವೆಗಳನ್ನು ತಪಾಸಣೆ ಮಾಡುವ ಸಿಕ್ಯೂಸಿಯಲ್ಲಿ ನೋಂದಾಯಿಸಿದ ಪ್ರತಿ ಸಂಸ್ಥೆಯೂ ಸಿಬ್ಬಂದಿಗೆ ಅವರವರ ಕೆಲಸಕ್ಕೆ ತಕ್ಕಂತೆ ಲರ್ನಿಂಗ್ ಡಿಸೆಬಿಲಿಟಿ ಮತ್ತು ಆಟಿಸಂ ತರಬೇತಿ ಕೊಡಲೇಬೇಕು. ಆಲಿವರ್ ಹೆಸರಿನ ತರಬೇತಿಯ ಮೊದಲ ಭಾಗ ಸುಮಾರು 90 ನಿಮಿಷದ ಇ-ಲರ್ನಿಂಗ್, ಎಲ್ಲರಿಗೂ ಒಂದೇ. ಆಮೇಲೆ ಕೆಲಸಕ್ಕೆ ತಕ್ಕಂತೆ ಎರಡು ಹಂತ: ಟೈರ್ 1ಕ್ಕೆ ಒಂದು ಗಂಟೆಯ ನೇರ ಆನ್‌ಲೈನ್ ಸೆಶನ್, ಟೈರ್ 2ಕ್ಕೆ ಒಂದು ಇಡೀ ದಿನ ಎದುರುಬದುರು ಕೂತು. ನೇರವಾಗಿ ಕೇರ್ ಕೊಡುವ ನಿನ್ನಂಥವರಿಗೆ ಬೇಕಾದ್ದು ಟೈರ್ 2. ಅದನ್ನು ಕಲಿಸುವವರಲ್ಲಿ ಲರ್ನಿಂಗ್ ಡಿಸೆಬಿಲಿಟಿ ಇರುವವರೂ ಆಟಿಸಂ ಇರುವವರೂ ಇರುತ್ತಾರೆ, ಅದೇ ಅದರ ಜೀವಾಳ. ಇ-ಲರ್ನಿಂಗ್ ಮಾತ್ರ ಮುಗಿಸಿ ‘ಆಲಿವರ್ ಮೆಕ್‌ಗೋವನ್ ಆಗಿದೆ’ ಅಂತ ಬಯೋಡೇಟಾದಲ್ಲಿ ಬರೆಯಬೇಡ, ‘ಇ-ಲರ್ನಿಂಗ್ ಭಾಗ ಆಗಿದೆ’ ಅಂತ ಬರಿ. ಅಷ್ಟು ಬರೆದರೂ ಸಾಕು, ಆಸಕ್ತಿ ಇದೆ ಅನ್ನುವುದು ತಿಳಿಯುತ್ತದೆ.

ಪರದೆ ನೋಡಿ ಕಲಿಯಲಾಗದ್ದು ಏನೇನು ಅನ್ನುವುದು ನನ್ನ ದೃಷ್ಟಿಯಲ್ಲಿ ಕೋರ್ಸಿನ ಹೆಸರಿಗಿಂತ ಮುಖ್ಯ. ಮೊದಲನೆಯದು ಊಟ. ಲರ್ನಿಂಗ್ ಡಿಸೆಬಿಲಿಟಿ ಇರುವವರಲ್ಲಿ ಬಹಳ ಜನಕ್ಕೆ ನುಂಗುವ ತೊಂದರೆ ಇರುತ್ತದೆ. ಸ್ಪೀಚ್ ಥೆರಪಿಸ್ಟ್ ಪರೀಕ್ಷಿಸಿ, ಐಡಿಡಿಎಸ್ಐ ಅನ್ನುವ 0ರಿಂದ 7ರ ಅಳತೆಯಲ್ಲಿ ಯಾರಿಗೆ ಯಾವ ಮಟ್ಟ ಅಂತ ಬರೆದಿರುತ್ತಾರೆ. 4 ಅಂದರೆ ನುಣ್ಣಗೆ ರುಬ್ಬಿದ್ದು. 5 ಅಂದರೆ ದೊಡ್ಡವರಿಗೆ 4 ಮಿಲಿಮೀಟರ್ ಚೂರು, ಅಂದರೆ ಫೋರ್ಕಿನ ಹಲ್ಲುಗಳ ಸಂದಿಯಲ್ಲಿ ಕೂರುವಷ್ಟು, ತೇವ ಇರಬೇಕು. 6 ಅಂದರೆ ಒಂದೂವರೆ ಸೆಂಟಿಮೀಟರಿನ ಮೆತ್ತಗಿನ ತುಂಡು. ನಮ್ಮ ಕಡೆಯವರಿಗೆ ಪ್ರೀತಿ ಅಂದರೆ ಉಣಿಸುವುದು. ಮಂಡಾಳು ಒಗ್ಗರಣಿ ಮಾಡಿದರೆ ಎಲ್ಲರ ಕೈಗೂ ಒಂದೊಂದು ಹಿಡಿ ಹೋಗಲೇಬೇಕು. ಇವರಿರುವ ಮನೆಗಳಲ್ಲಿ ಆ ಒಂದು ಹಿಡಿ ಮಂಡಾಳು ಪ್ರಾಣ ತೆಗೆಯಬಹುದು. ಒಣಗಿ ಉದುರುವ ತಿನಿಸು ಉಸಿರ್ನಾಳಕ್ಕೆ ಹೋಗುವುದು ಸುಲಭ, ಕಟಕ್ ರೊಟ್ಟಿಯೂ ಹಾಗೇ. ಅವರ ಕೇರ್ ಪ್ಲಾನಿನಲ್ಲಿ (ಯಾರನ್ನು ಹೇಗೆ ನೋಡಿಕೊಳ್ಳಬೇಕು ಅಂತ ಬರೆದಿಟ್ಟದ್ದು) ಇಲ್ಲದ್ದನ್ನು ರುಚಿಗೂ ಕೊಡಬೇಡ, ನಿನ್ನ ಬುತ್ತಿಯ ಡಬ್ಬಿಯನ್ನು ಅವರ ಕೈಗೆ ಎಟಕುವಲ್ಲಿ ಇಡಬೇಡ. ನೀರು ಮಂದ ಮಾಡುವ ಥಿಕನರ್ ಪುಡಿಯ ಡಬ್ಬಿಗೂ ಬೀಗ. ಪುಡಿಯನ್ನೇ ನುಂಗಿ ಒಬ್ಬರು ಸತ್ತ ಮೇಲೆ 2015ರಲ್ಲಿ ಎನ್‌ಎಚ್‌ಎಸ್ ಎಚ್ಚರಿಕೆ ಹೊರಡಿಸಿತು. ಉಸಿರು ಕಟ್ಟಿ ಕೆಮ್ಮಲೂ ಆಗದಿದ್ದರೆ ಬೆನ್ನಿಗೆ 5 ಏಟು, ಆಗಲಿಲ್ಲ ಅಂದರೆ ಹೊಟ್ಟೆಗೆ 5 ಒತ್ತು, ಜೊತೆಗೇ ತುರ್ತು ನಂಬರ್ 999ಕ್ಕೆ ಫೋನು. ಇದನ್ನು ವಿಡಿಯೊದಲ್ಲಿ ನೂರು ಸಲ ನೋಡಿದರೂ ಗೊಂಬೆಯ ಮೇಲೆ ಮಾಡದೆ ಕೈ ಪಳಗುವುದಿಲ್ಲ.

ಎರಡನೆಯದು ಮೂರ್ಛೆ. ಊರಲ್ಲಿ ಫಿಟ್ಸ್ ಬಂದವರ ಕೈಗೆ ಕಬ್ಬಿಣ, ಬೀಗದ ಕೈ ಗೊಂಚಲು ಕೊಡುತ್ತಾರೆ, ಉಳ್ಳಾಗಡ್ಡಿ ಮೂಸಿಸುತ್ತಾರೆ. ಇಲ್ಲಿ ಮೊದಲು ಮಾಡುವುದು ಗಡಿಯಾರ ನೋಡುವುದು. ಅದುಮಿ ಹಿಡಿಯಬಾರದು, ಬಾಯೊಳಗೆ ಏನೂ ಇಡಬಾರದು, ತಲೆ ಕೆಳಗೆ ಮೆತ್ತಗಿನದು ಕೊಟ್ಟು, ನಡುಕ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಬೇಕು. ಹಲವರ ಪ್ಲಾನಿನಲ್ಲಿ 5 ನಿಮಿಷ ದಾಟಿದರೆ ಬಕಲ್ ಮಿಡಜೋಲಾಮ್, ಅಂದರೆ ಕೆನ್ನೆ ಮತ್ತು ವಸಡಿನ ನಡುವೆ ಹಾಕುವ ಔಷಧ, ಕೊಡಲು ಬರೆದಿರುತ್ತದೆ. ಎದುರು ನಿಂತು ಕಲಿಸಿ ‘ಈಕೆಗೆ ಬರುತ್ತದೆ’ ಅಂತ ಬರೆದುಕೊಡುವ ತನಕ ಅದನ್ನು ಮುಟ್ಟಬೇಡ, ಆನ್‌ಲೈನ್ ಸರ್ಟಿಫಿಕೇಟ್ ತೋರಿಸಿ ಯಾರಾದರೂ ಒತ್ತಾಯ ಮಾಡಿದರೂ. ಮಾತ್ರೆ ಕೊಡುವುದು, ಜನರನ್ನು ಎತ್ತುವ ಯಂತ್ರವಾದ ಹಾಯ್ಸ್ಟ್‌ನಲ್ಲಿ ಎತ್ತುವುದು ಎಲ್ಲಕ್ಕೂ ಇದೇ ನಿಯಮ. ಸ್ನಾನದ ತೊಟ್ಟಿಯ ನೀರು 44 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಕೈ ಅದ್ದಿ ನೋಡಿದರೆ ಸಾಲದು, ಥರ್ಮಾಮೀಟರ್ ಇಟ್ಟು ಬರೆಯಬೇಕು.

ಮೂರನೆಯದನ್ನು ಓದಿ ಕಲಿಯಬಹುದು, ಆದರೆ ನಮಗೆ ಎಲ್ಲಕ್ಕಿಂತ ಕಷ್ಟ ಆಗುವುದು ಅದೇ: 2005ರ ಮೆಂಟಲ್ ಕೆಪಾಸಿಟಿ ಆ್ಯಕ್ಟ್. 16 ದಾಟಿದ ಯಾರಿಗೇ ಆಗಲಿ, ಆಗದು ಅಂತ ತೋರಿಸುವ ತನಕ ತನ್ನ ನಿರ್ಧಾರ ತಾನು ಮಾಡಬಲ್ಲರು ಅಂತಲೇ ಹಿಡಿಯಬೇಕು. ತಪ್ಪು ಅನ್ನಿಸುವ ನಿರ್ಧಾರ ಮಾಡಿದರು ಅನ್ನುವುದೊಂದೇ ಅದಕ್ಕೆ ಸಾಕ್ಷಿಯಲ್ಲ. 40 ವರ್ಷದ ಮಗ ಇವತ್ತು ಕೆಂಪಂಗಿಯೇ ಬೇಕು ಅಂದರೆ ಅವ್ವ ನೀಲಿ ಹಾಕು ಅಂತ ಫೋನಿನಲ್ಲಿ ಹೇಳಿದರೂ ಕೆಂಪಂಗಿಯೇ. ಹಿರಿಯರ ಮಾತು ಮೀರಬಾರದು ಅಂತ ಬೆಳೆದವರು ಇಂಟರ್‌ವ್ಯೂನಲ್ಲಿ ಮುಗ್ಗರಿಸುವುದು ಇಲ್ಲೇ. ‘ಸ್ನಾನ ಬೇಡ ಅಂದರೆ ಏನು ಮಾಡ್ತೀರಿ?’ ಅಂತ ಕೇಳಿಯೇ ಕೇಳುತ್ತಾರೆ. ‘ಸಮಾಧಾನ ಮಾಡಿ ಮಾಡಿಸಿಬಿಡ್ತೀನಿ’ ಅಂದರೆ ಕೆಲಸ ಹೋಯಿತು ಅಂತಲೇ ತಿಳಿ. ಯಾಕೆ ಬೇಡ ಅಂತ ತಿಳಿಯಲು ನೋಡ್ತೀನಿ, ಬೇರೆ ಹೊತ್ತು ಕೇಳ್ತೀನಿ, ಬೇರೆಯವರು ಮಾಡಿಸಲಿ ಅನ್ನುತ್ತಾರಾ ನೋಡ್ತೀನಿ, ನಡೆದದ್ದನ್ನು ಬರೆದಿಡ್ತೀನಿ ಅನ್ನು. ದಿಢೀರನೆ ಸಿಟ್ಟು, ಹೊಡೆತ ಶುರುವಾದರೆ ಅದನ್ನು ಸ್ವಭಾವದ ಮೇಲೆ ಹಾಕಬೇಡ, ಹಲ್ಲುನೋವು, ಕಿವಿಸೋಂಕು, ಮಲಬದ್ಧತೆ ಇದೆಯಾ ಅಂತ ಮೊದಲು ನೋಡಬೇಕು ಅನ್ನುವುದನ್ನೂ ಸೇರಿಸು.

ಡಿಪ್ಲೊಮಾ ಶುರುವಾದ ಮೇಲೆ ಫೇಲಾಗುವವರು ಬಹುಪಾಲು ಬರವಣಿಗೆಯಲ್ಲಿ. ಇಂಟರ್ನೆಟ್ಟಿನಿಂದ ಎತ್ತಿದ ಉತ್ತರ ಸಾಫ್ಟ್‌ವೇರಿಗೆ ಸಿಕ್ಕಿಬೀಳುತ್ತದೆ. ‘ನಾವು ಹೀಗೆ ಮಾಡುತ್ತೇವೆ’ ಅಂತ ಬರೆದರೆ ಅಸೆಸರ್ ವಾಪಸ್ ಕಳಿಸುತ್ತಾರೆ, ‘ನಾನು ಇದನ್ನು ಮಾಡಿದೆ, ಈ ಕಾರಣಕ್ಕೆ’ ಅಂತ ಇರಬೇಕು. ನೀನು ನೋಡಿಕೊಳ್ಳುವವರ ಹೆಸರು, ಹುಟ್ಟಿದ ದಿನ, ಫೋಟೊ ಒಂದೂ ನೀನು ಒಪ್ಪಿಸುವ ಪೋರ್ಟ್‌ಫೋಲಿಯೊದಲ್ಲಿ ಬರಬಾರದು. ಬರೆಯುವುದು ಕಷ್ಟವಾದರೆ ಪ್ರೊಫೆಷನಲ್ ಡಿಸ್ಕಷನ್ ಕೇಳು. ನೀನು ಮಾತಾಡಿದ್ದನ್ನು ರೆಕಾರ್ಡ್ ಮಾಡಿ ಸಾಕ್ಷಿಯಾಗಿ ತೆಗೆದುಕೊಳ್ಳುತ್ತಾರೆ. ಕನ್ನಡ ಮೀಡಿಯಮ್‌ನಲ್ಲಿ ಓದಿದವರಿಗೆ ಇದು ದೊಡ್ಡ ಆಸರೆ, ಆದರೆ ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ರೊಕ್ಕದ ವಿಷಯ ಚಿಕ್ಕದಾಗಿ. ಕಂಪನಿ ಕಡ್ಡಾಯ ಮಾಡಿದ ತರಬೇತಿಯ ಗಂಟೆಗಳಿಗೂ ಕನಿಷ್ಠ ವೇತನ ಕೊಡಬೇಕು, ರಾತ್ರಿ ಮನೆಯಲ್ಲಿ ಕೂತು ಮಾಡಿದ ಇ-ಲರ್ನಿಂಗ್ ಆದರೂ. ಆ ಗಂಟೆಗಳನ್ನು ನೀನೇ ಬರೆದಿಟ್ಟುಕೋ. ರಾತ್ರಿ ಕೆಲಸದ ಜಾಗದಲ್ಲೇ ಮಲಗುವ ಸ್ಲೀಪ್-ಇನ್ ಪಾಳಿಯದು ಮಾತ್ರ ಬೇರೆ: ಮಲಗಿರುವ ಗಂಟೆಗಳಿಗೆ ಕನಿಷ್ಠ ವೇತನ ಅನ್ವಯಿಸದು ಅಂತ 2021ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ, ಎದ್ದು ಕೆಲಸ ಮಾಡಿದ ಹೊತ್ತಿಗೆ ಅನ್ವಯಿಸುತ್ತದೆ. ಒಂದು ರಾತ್ರಿಗೆ ಎಷ್ಟು ಅಂತ ಸೇರುವ ಮೊದಲೇ ಕೇಳು.

ಈಗ ತಮ್ಮನ ವಿಷಯ. 2025ರ ಜುಲೈ 22ರಿಂದ ಹೊರದೇಶದಲ್ಲಿರುವವರಿಗೆ ಕೇರ್ ವರ್ಕರ್, ಸೀನಿಯರ್ ಕೇರ್ ವರ್ಕರ್ ವೀಸಾ ಬಾಗಿಲು ಮುಚ್ಚಿದೆ. ಆನ್‌ಲೈನ್ ಕೋರ್ಸ್ ಮಾಡಿದರೂ, 4 ಲಕ್ಷದ ಬದಲು 14 ಲಕ್ಷ ಕೊಟ್ಟರೂ ಅದು ತೆರೆಯುವುದಿಲ್ಲ. ‘ಹಳೆ ಕೋಟಾ ಉಳಿದಿದೆ’ ಅಂದರೆ ಶುದ್ಧ ಸುಳ್ಳು. ಬೇರೆ ಯಾವ ದೇಶದ ಕೆಲಸ ಅಂತ ಹೇಳಿದರೂ, ಭಾರತದಲ್ಲಿ ನೇಮಕಾತಿ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿರಬೇಕು, ಹೆಸರು ಇ-ಮೈಗ್ರೇಟ್ ವೆಬ್‌ಸೈಟಿನ ಪಟ್ಟಿಯಲ್ಲಿ ಸಿಗಬೇಕು, ಕೆಲಸಗಾರನಿಂದ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಅವನಿಗೆ ಈ ಕೆಲಸವೇ ಇಷ್ಟ ಅನ್ನುವುದಾದರೆ ಊರಲ್ಲೇ ಓದಲಿ. ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದ ಆರು ತಿಂಗಳ ಸಿಬಿಐಡಿ (ಊರುಕೇರಿಯಲ್ಲಿ ಅಂಗವಿಕಲರ ಜೊತೆ ಕೆಲಸ ಮಾಡುವ) ಸರ್ಟಿಫಿಕೇಟ್ ಇದೆ, ಬೌದ್ಧಿಕ ಅಸಾಮರ್ಥ್ಯದ ಸ್ಪೆಷಲ್ ಎಜುಕೇಶನ್ ಡಿಪ್ಲೊಮಾ ಇದೆ. ಇದೇ ಕ್ಷೇತ್ರದ ರಾಷ್ಟ್ರೀಯ ಸಂಸ್ಥೆ ಎನ್‌ಐಇಪಿಐಡಿ ಇರುವುದು ಸಿಕಂದರಾಬಾದಿನಲ್ಲಿ, ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವಷ್ಟು ದೂರವೂ ಇಲ್ಲ. ಕೌನ್ಸಿಲ್ ವೆಬ್‌ಸೈಟಿನ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಕೋರ್ಸಿನ ಹೆಸರು, ಈ ವರ್ಷದ ಮಂಜೂರಾತಿ ಮೂರೂ ಕಂಡ ಮೇಲೆ ಫೀ ಕಟ್ಟಲಿ, ರಸೀದಿ ತೆಗೆದುಕೊಂಡು.