ಮೀಟಿಂಗ್‌ನಲ್ಲಿ ಬಾಯಿ ಬಾರದ ತಮ್ಮನಿಗೆ

ತಮ್ಮಾ, ನೀನು ಕೇಳಿದ್ದು ಎರಡು. ಹುಬ್ಬಳ್ಳಿಯ ವಿದ್ಯಾನಗರ ಬಿಟ್ಟು ನೆದರ್ಲೆಂಡ್ಸಿನ ಐಂಡ್‌ಹೋವನ್‌ಗೆ ಬಂದು ಐದು ವಾರವಾದರೂ ಕಚೇರಿಯ ಮೀಟಿಂಗ್‌ನಲ್ಲಿ ಬಾಯಿ ಬರುತ್ತಿಲ್ಲ ಎಂಬುದು ಒಂದು. ಹುಬ್ಬಳ್ಳಿಯ ಆರು ಜನರ ತಂಡ ಈಗ ನಿನ್ನ ಹೊಣೆ, ಕರೆಯಲ್ಲಿ ಒಬ್ಬರೇ ಮಾತನಾಡುತ್ತಾರೆ, ಉಳಿದವರು ತುಟಿ ಬಿಚ್ಚುವುದಿಲ್ಲ ಎಂಬುದು ಇನ್ನೊಂದು. ಅಕ್ಕನಿಗೆ ಎರಡೂ ಒಂದೇ ಪ್ರಶ್ನೆಯಾಗಿ ಕಾಣುತ್ತವೆ.

ಧಾರವಾಡದ ನಮ್ಮ ಮನೆಯ ಕಟ್ಟೆಯ ಮೇಲೆ ಹಿರಿಯರು ಮಾತಿಗೆ ಕುಳಿತರೆ ನಾವು ಚಹಾ ಕೊಟ್ಟು ಬಾಗಿಲಿಗೆ ಒರಗಿ ಕೇಳುತ್ತಿದ್ದೆವು. “ನೀನೇನು ಹೇಳುತ್ತೀ?” ಎಂದಾಗಷ್ಟೇ ಮಾತು. ಅಲ್ಲಿ ಅದು ಮರ್ಯಾದೆ. ಡಚ್ಚರಿಗೆ ಈ ಲೆಕ್ಕ ಗೊತ್ತಿಲ್ಲ. ಮ್ಯಾನೇಜರನ್ನು ಹೆಸರು ಹಿಡಿದು ಕರೆದು, “ಇದು ಆಗದ ಮಾತು” ಎಂದು ಎದುರಿಗೇ ಹೇಳುವ ಜನ. ಸುಮ್ಮನಿದ್ದರೆ ಒಪ್ಪಿದೆ ಎಂದೇ ಬರೆದುಕೊಳ್ಳುತ್ತಾರೆ. ಮನಸ್ಸಿನಲ್ಲೇ ಬೇಡವೆಂದ ಒಂದು ಗಡುವಿಗಾಗಿ ಮೊದಲ ವರ್ಷ ನಾನು ಎರಡು ಶನಿವಾರ ದುಡಿದಿದ್ದೇನೆ.

ಇಲ್ಲಿಯ ಸಭೆಗಳ ಕೊನೆಗೆ ‘ರೊಂಟ್‌ಫ್ರಾಖ್’ ಎಂಬ ಪದ್ಧತಿಯಿದೆ. ಇನ್ನೇನಾದರೂ ಹೇಳುವುದಿದೆಯೇ ಎಂದು ಸಭೆ ನಡೆಸುವವರು ಎಲ್ಲರನ್ನೂ ಸರದಿಯಲ್ಲಿ ಕೇಳುತ್ತಾರೆ. ನನ್ನ ಬಾಯಿ ಬಿಡಿಸಿದ್ದು ಅದೇ. ಆದರೆ ಅಷ್ಟು ಹೊತ್ತಿಗೆ ತೀರ್ಮಾನ ಮುಗಿದು ಅರ್ಧ ಜನ ಲ್ಯಾಪ್‌ಟಾಪ್ ಮುಚ್ಚಿರುತ್ತಾರೆ. ಹಿಂದಿನ ದಿನವೇ ವಿಷಯಪಟ್ಟಿ ತರಿಸಿಕೋ, ಒಂದೇ ಒಂದು ಪ್ರಶ್ನೆ ಬರೆದಿಟ್ಟುಕೋ, ಮೊದಲ ಹತ್ತು ನಿಮಿಷದೊಳಗೆ ಕೇಳಿಬಿಡು. ಕಾದಷ್ಟೂ ಗಂಟಲು ಕಟ್ಟುತ್ತದೆ.

ನಿನ್ನ ತಂಡದಲ್ಲಿ ಈ ಸರದಿಯನ್ನು ಆರಂಭಕ್ಕೇ ತಾ, ಹಿರಿಯರನ್ನು ಕೊನೆಗೆ ಇಡು. ಅವರು ಮೊದಲೇ ಹೇಳಿಬಿಟ್ಟರೆ ಕಿರಿಯರಿಗೆ ತಲೆಯಾಡಿಸುವುದೊಂದೇ ಉಳಿಯುತ್ತದೆ. ಮುನ್ಸೂಚನೆ ಇಲ್ಲದೆ ಯಾರ ಹೆಸರನ್ನೂ ಕೂಗಬೇಡ. ನಾನು ಹಾಗೆ ಕೂಗಿದಾಗ ಒಬ್ಬ ಹುಡುಗಿ “ಏನಿಲ್ಲ ಮೇಡಂ” ಎಂದವಳು ಎರಡು ವಾರ ಕ್ಯಾಮೆರಾ ಹಾಕಲಿಲ್ಲ. ಆಮೇಲಿಂದ, ನಾಳೆ ನಿನ್ನಿಂದ ಇಂಥದ್ದನ್ನು ಕೇಳುತ್ತೇನೆ ಎಂದು ಮುಂಚೆಯೇ ತಿಳಿಸತೊಡಗಿದೆ. ಒಂದು ದಿನ ಅವಳ ಹೆಸರಿನ ಪಕ್ಕದ ಮೈಕ್ ಗುರುತಿನ ಅಡ್ಡಗೆರೆ ಮಾಯವಾಯಿತು. ಹಿಂದೆಲ್ಲೋ ಕುಕ್ಕರ್ ಸೀಟಿ ಹೊಡೆಯಿತು. ಗೆರೆ ಮತ್ತೆ ಬಂದಿತು. ಮಾತನಾಡುತ್ತಿದ್ದವರನ್ನು ತಡೆದು, “ಏನೋ ಹೇಳಲು ಹೊರಟಿದ್ದೆಯಲ್ಲ?” ಎಂದೆ. ನಾವೆಲ್ಲ ಅರ್ಧ ಗಂಟೆಯಿಂದ ಚರ್ಚಿಸುತ್ತಿದ್ದ ಪರೀಕ್ಷೆಯ ಫಲಿತಾಂಶ ಹಳೆಯ ಆವೃತ್ತಿಯದು ಎಂದಳು! ಆ ಗೆರೆಯ ಮೇಲೆ ಕಣ್ಣಿಡುವುದೂ ನಿನ್ನ ಕೆಲಸವೇ.

ಹೊಸ ಯೋಚನೆಗಳು ಬೇಕಾದಾಗ ಮಾತೇ ಬೇಡ, ಬರೆಸು. ಜರ್ಮನಿಯ ಬೆರ್ನ್ಡ್ ರೋರ್‌ಬಾಖ್ 1968ರಲ್ಲಿ ಮುಂದಿಟ್ಟ 6-3-5 ವಿಧಾನ ನಿನಗೆ ಹೇಳಿಮಾಡಿಸಿದಂತಿದೆ: ಆರು ಜನ, ತಲಾ ಮೂರು ಯೋಚನೆ, ಐದು ನಿಮಿಷ. ಆಮೇಲೆ ಹಾಳೆ ಪಕ್ಕದವರಿಗೆ ಹೋಗುತ್ತದೆ. ಅದರಲ್ಲಿರುವುದನ್ನು ಓದಿ ಅವರು ಮುಂದುವರಿಸುತ್ತಾರೆ. ಆರು ಸುತ್ತಿಗೆ, ಅಂದರೆ ಅರ್ಧ ಗಂಟೆಗೆ, 108 ಯೋಚನೆ. ಎಲ್ಲವೂ ಚಿನ್ನವಾಗಿರುವುದಿಲ್ಲ ಬಿಡು, ಆದರೆ ಗಟ್ಟಿ ಗಂಟಲಿನವರಿಗೂ ಹದಿನೆಂಟೇ.

ಇನ್ನೊಂದು, ಕರೆಯ ಸಮಯ ನೋಡಿಕೋ. ಚಳಿಗಾಲದಲ್ಲಿ ಇಲ್ಲಿ ಮಧ್ಯಾಹ್ನ ಮೂರು ಎಂದರೆ ಹುಬ್ಬಳ್ಳಿಯಲ್ಲಿ ರಾತ್ರಿ ಏಳೂವರೆ. ಧಾರವಾಡಕ್ಕೆ ಹೋಗುವವರ ಮನಸ್ಸು ಚಿಗರಿ ಬಸ್ಸಿನಲ್ಲಿರುತ್ತದೆ, ಅವರು ಸುಮ್ಮನಿರುವುದು ಸಂಕೋಚದಿಂದಲ್ಲ. ಇಲ್ಲಿಯ ಬೆಳಗಿನ ಹತ್ತಕ್ಕೆ ಇಡು. ಅಲ್ಲಿ ಎರಡೂವರೆ, ಊಟ ಆಗಿರುತ್ತದೆ. ಜೋಳದ ರೊಟ್ಟಿ ಉಂಡವರಿಗೆ ಸ್ವಲ್ಪ ತೂಕಡಿಕೆ ಬಂದೀತು, ಅಷ್ಟೇ.